ಗಡ್ಡದವನ ತೊಂಬತ್ತಾರನೆಯ ಎಸೆತ

ಬೇಸ್‌ಬಾಲ್ ಅಂಥ ಕಷ್ಟದ ಆಟವೇನಲ್ಲ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ, ಉಳಿದವರು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಉಗುಳುತ್ತಾರೆ. ಮೈಸೂರಿನಲ್ಲಿ ಹತ್ತು ವರ್ಷ ಟೆನಿಸ್ ಚೆಂಡಿನಿಂದ ಆಫ್ ಸ್ಪಿನ್ ಹಾಕಿದ, ಎಂಜಿನಿಯರಿಂಗ್ ಪದವಿ ಪಡೆದ, ಅಮೆರಿಕದ ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಕಾರಿನ ಬಿಡಿಭಾಗಗಳ ಗುಣಮಟ್ಟ ಅಳೆಯುತ್ತಿರುವ ಮನುಷ್ಯನಿಗೆ ಇದರಲ್ಲಿ ಹೊಸದಾಗಿ ಕಲಿಯುವುದೇನಿದೆ? ಈ ಬೇಸಿಗೆಯವರೆಗೆ ನಾನು ಹೀಗೇ ನಂಬಿದ್ದೆ. ಈಗ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೂ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಡುತ್ತೇನೆ. "ರೀ, ಸಾಸಿವೆ ಹಾಕ್ತಾ ಇದೀನಿ" ಎಂದು ಹೆಂಡತಿ ವೀಣಾ ಮೊದಲೇ ಎಚ್ಚರಿಸುವ ಪದ್ಧತಿ ನಮ್ಮ ಮನೆಯಲ್ಲಿ ಜಾರಿಗೆ ಬಂದಿದೆ.

ಇದಕ್ಕೆಲ್ಲ ಮೂಲ ಹೊಟ್ಟೆಕಿಚ್ಚು. ಆ ಹೊಟ್ಟೆಕಿಚ್ಚಿಗೆ ಒಂದು ಹೆಸರೂ ಇದೆ: ಡಾಕ್ಟರ್ ಪಾಟೀಲ.

ಪಾಟೀಲರು ನೋವೈ ಊರಿನ ನಮ್ಮ ಬಡಾವಣೆಯಲ್ಲೇ ಮೂರು ಮನೆ ಆಚೆ ಇದ್ದಾರೆ. ಧಾರವಾಡದ ಕಡೆಯವರು, ಮೂಳೆ ಡಾಕ್ಟರು. ಒಳ್ಳೆಯವರು. ಅದೇ ಅವರ ದೊಡ್ಡ ದೋಷ. ಕೆಟ್ಟವರಾಗಿದ್ದರೆ ನೆಮ್ಮದಿಯಿಂದ ದ್ವೇಷಿಸಬಹುದಿತ್ತು! ನನ್ನ ಮಗಳು ಅನಘಾ, ಹದಿಮೂರು ವರ್ಷದವಳು, ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು. ಏಪ್ರಿಲ್‌ನಲ್ಲಿ ಅವಳಿಗೆ ಭುಜ ನೋಯತೊಡಗಿತು. ನಾನು ಎರಡು ವಾರ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಪಾಟೀಲರು ಒಂದು ಸಂಜೆ ನಮ್ಮ ಗ್ಯಾರೇಜಿನ ಮುಂದೆ ನಿಂತು ಅವಳು ಎಸೆಯುವುದನ್ನು ಹತ್ತು ನಿಮಿಷ ನೋಡಿದರು. "ಇಷ್ಟು ಚೆಂಡ ಒಗದ್ರ ಇಷ್ಟು ದಿನ ರೆಸ್ಟ್ ಬೇಕವಾ" ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನೋವು ಹೋಯಿತು. ಅದರ ಹಿಂದೆಯೇ ಮಗಳೂ ಹೋದಳು!

ಅಂದಿನಿಂದ ನಮ್ಮ ಊಟದ ಮೇಜಿನ ಪ್ರತಿ ಮಾತೂ "ಪಾಟೀಲ್ ಅಂಕಲ್ ಸೇಸ್" ಎಂದೇ ಶುರು. ಸಂಜೆಯಾದರೆ ಅವರಿಬ್ಬರೂ ಡ್ರೈವ್‌ವೇಯಲ್ಲಿ ನಿಂತು ಡೆಟ್ರಾಯಿಟ್ ತಂಡದ ಪಿಚರ್‌ಗಳನ್ನು ಒಬ್ಬೊಬ್ಬರನ್ನಾಗಿ ತೂಗುತ್ತಿದ್ದರು. ಇವನ ಮೊಣಕೈ ಹೇಗೆ, ಅವನ ಚೆಂಡು ಕೊನೆ ಗಳಿಗೆಯಲ್ಲಿ ಎತ್ತ ತಿರುಗುತ್ತದೆ, ಇತ್ಯಾದಿ. ನಾನು ಹುಲ್ಲು ಕತ್ತರಿಸುವ ನೆಪದಲ್ಲಿ ಹತ್ತಿರ ಸುಳಿಯುತ್ತಿದ್ದೆ. ಮಷಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಜೂನ್ ಹೊತ್ತಿಗೆ ನಮ್ಮ ಅಂಗಳದಲ್ಲಿ ಹುಲ್ಲೇ ಉಳಿಯಲಿಲ್ಲ.

ಒಂದು ಭಾನುವಾರ, ಬಾಲಾಜಿ ದೇವಸ್ಥಾನದ ಊಟದ ಹಾಲಿನಲ್ಲಿ, ನಾನು ಈ ಕ್ಷೇತ್ರಕ್ಕೆ ವಿಧ್ಯುಕ್ತವಾಗಿ ಪ್ರವೇಶಿಸಿದೆ.

"ಪಾಟೀಲರೇ, ನಮ್ಮ ಟೀಮಿನ ಆ ಎಡಗೈಯವನು ಮಂಗಳವಾರ ಅಷ್ಟು ಚೆನ್ನಾಗಿ ಎಸೆದ. ಬುಧವಾರ ನೋಡಿದ್ರೆ ಇಲ್ಲ. ಗುರುವಾರ ಇಲ್ಲ. ನಿನ್ನೆನೂ ಇಲ್ಲ. ಇಷ್ಟೊಂದು ರಜಾ ಯಾರು ಕೊಡ್ತಾರ್ರೀ? ಕೇಳೋರು ಹೇಳೋರು ಇಲ್ವಾ?" ಎಂದೆ, ನಾಲ್ಕು ಮೇಜಿಗೆ ಕೇಳುವಂತೆ.

ಸುತ್ತಲೂ ಪುಳಿಯೋಗರೆಯ ಕೈಗಳು ಬಾಯಿಯ ಹತ್ತಿರ ನಿಂತವು.

"ಹಂಗಲ್ರಿ ಶ್ರೀಧರ್," ಎಂದರು ಪಾಟೀಲರು, ರೋಗಿಯ ಜೊತೆ ಮಾತಾಡುವ ದನಿಯಲ್ಲಿ. "ಆಟ ಶುರು ಮಾಡಾಕಂತ ಐದು ಮಂದಿ ಪಿಚರ್ ಇರ್ತಾರ. ದಿನಕ್ಕೊಬ್ಬರ ಪಾಳಿ. ಒಮ್ಮೆ ನೂರು ಚೆಂಡ ಒಗದ ಮ್ಯಾಲೆ ನಾಕು ದಿನ ಕೈಗೆ ವಿಶ್ರಾಂತಿ ಬೇಕು. ಇಲ್ಲಾಂದ್ರ ಆ ಮೊಣಕೈ ಸೀದಾ ನನ್ನಂಥವರ ಆಪರೇಷನ್ ಟೇಬಲ್ಲಿಗೆ ಬರತೈತಿ."

ನಾಲ್ಕು ಮೇಜುಗಳೂ ನಕ್ಕವು. ಅನಘಾ "ಓ ಮೈ ಗಾಡ್, ಅಪ್ಪ" ಎಂದು ತಟ್ಟೆ ಎತ್ತಿಕೊಂಡು ಹೋಗಿ ಕೂತಳು. ಎಲ್ಲಿ? ಪಾಟೀಲರ ಪಕ್ಕದ ಕುರ್ಚಿಯಲ್ಲಿ.

ಜುಲೈನಲ್ಲಿ ನಮ್ಮ ತಂಡ ಶಿಕಾಗೊಗೆ ಆಡಲು ಹೋಗುವುದಿತ್ತು. ಪಾಟೀಲರ ಶಿಕಾಗೊ ಗೆಳೆಯರೊಬ್ಬರು ಶನಿವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ಕೊಟ್ಟರು. ಮೈದಾನಕ್ಕೆ ಅಂಟಿಕೊಂಡಂತಿದ್ದ ಅಪರೂಪದ ಸೀಟುಗಳು. ಪಾಟೀಲರ ಹೆಂಡತಿಗೆ ಆ ವಾರ ಆಸ್ಪತ್ರೆ ಡ್ಯೂಟಿ. ಪಾಟೀಲರು ತಾವೇ ಇನ್ನೆರಡು ಟಿಕೆಟ್ ಕೊಂಡು, ಎಲ್ಲೋ ಮೋಡದ ಹತ್ತಿರದವು, ನಮ್ಮ ಮನೆಗೆ ಬಂದರು.

"ಕೆಳಗಿನ ಸೀಟಿನ್ಯಾಗ ಒಂದು ಅನಘಾಂದು, ಅದು ಪಕ್ಕಾ," ಎಂದರು. "ಆಕಿ ಬಾಜೂಕ ಯಾರು ಕೂಡೂದು ಆಕೀನ ಹೇಳ್ಲಿ. ನೀವರ ಕೂಡ್ರಿ, ನಾನರ ಕೂಡ್ತೀನಿ. ಉಳದವರು ವೈನಿಯವರ ಜೋಡಿ ಮ್ಯಾಲೆ."

ಅನಘಾ ನನ್ನ ಮುಖ ನೋಡಿದಳು. ಆಮೇಲೆ ಪಾಟೀಲರ ಮುಖ ನೋಡಿದಳು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಇವಳನ್ನು ಮೊದಲು ಎತ್ತಿಕೊಂಡವನು ನಾನು. ಸೈಕಲ್ ಕಲಿಸಿದವನು ನಾನು. ಅಂಥ ಪ್ರಶ್ನೆಗೆ ಇವಳು ಎರಡನೆಯ ಮುಖ ನೋಡುವ ಅಗತ್ಯವೇನಿತ್ತು?

"ಇಬ್ರೂ ಆ ಐದು ಪಿಚರ್‌ಗಳನ್ನ ರ‍್ಯಾಂಕ್ ಮಾಡಿ," ಎಂದಳು ಕೊನೆಗೆ. "ಬೆಸ್ಟ್ ಟು ವರ್ಸ್ಟ್. ದೆನ್ ಐ ವಿಲ್ ಡಿಸೈಡ್."

ಬಂತು ನನ್ನ ದಿನ! ಹೋಲಿಸುವುದು, ಅಂಕ ಕೊಡುವುದು, ಸಾಲಾಗಿ ನಿಲ್ಲಿಸುವುದು, ಇದೇ ನನ್ನ ವೃತ್ತಿ. ನಮಗೆ ಬೋಲ್ಟು, ಸ್ಪ್ರಿಂಗು ಸರಬರಾಜು ಮಾಡುವ ಕಂಪನಿಗಳಿಗೆ ಅಂಕ ಹಾಕಲು ನಾನೇ ಒಂದು ಎಕ್ಸೆಲ್ ಹಾಳೆ ತಯಾರಿಸಿದ್ದೇನೆ. ಹದಿನಾರು ಕಾಲಂ ಇದೆ. ಕಂಪನಿಗಳ ಹೆಸರು ಅಳಿಸಿ ಪಿಚರ್‌ಗಳನ್ನು ತುಂಬಿದೆ. ಹೆಸರುಗಳು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಎಡಗೈಯವನು, ಉದ್ದನೆಯವನು, ಹೊಸಬ, ಗೊಣಗುವವನು, ಗಡ್ಡದವನು ಎಂದು ನಾಮಕರಣ ಮಾಡಿದೆ. ಎಷ್ಟು ಚೆಂಡು ಎಸೆದ, ಎಷ್ಟು ಹೊತ್ತು ಮೈದಾನದಲ್ಲಿದ್ದ, ಎಷ್ಟು ರನ್, ಎಲ್ಲ ಅಂಕಿಗಳನ್ನೂ ಇಂಟರ್ನೆಟ್ಟಿನಿಂದ ತಂದು ಸುರಿದೆ. ಗುಂಡಿ ಒತ್ತಿದೆ. ಭಾರೀ ಅಂತರದಿಂದ ಗಡ್ಡದವನು ಪ್ರಥಮ! ಎಡಗೈಯವನು ಕಟ್ಟಕಡೆ.

ನನಗೆ ಆಶ್ಚರ್ಯವಾಗಲಿಲ್ಲ. ಎಡಗೈಯವನು ಒಬ್ಬ ಬ್ಯಾಟ್ಸ್‌ಮನ್‌ನನ್ನು ಮೂರು ಚೆಂಡಿನಲ್ಲಿ ಮುಗಿಸಿ ಕೂರುವ ಸೋಮಾರಿ. ಗಡ್ಡದವನು ಅದೇ ಕೆಲಸಕ್ಕೆ ಎಂಟು ಚೆಂಡು ಎಸೆಯುತ್ತಾನೆ. ದುಡಿಮೆ ಎಂದರೆ ಅದು! ಹಾಳೆಯನ್ನು ದೊಡ್ಡದಾಗಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ತಂದೆ.

ಪಾಟೀಲರು ತಮ್ಮ ಪಟ್ಟಿಯನ್ನು ಇಂಡಿಯನ್ ಅಂಗಡಿಯ ರಸೀದಿಯ ಹಿಂಭಾಗದಲ್ಲಿ ಬರೆದುಕೊಂಡು ಬಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಶ್ರೀಧರ್, ನಮ್ಮ ಎರಡೂ ಲಿಸ್ಟ್ ಒಂದ ಐತ್ರಿ," ಎಂದರು. "ನಿಮ್ಮದು ಬರೇ ತಲಿಕೆಳಗ ಐತಿ."

ಅಸೂಯೆ, ಎಂದುಕೊಂಡೆ ನಾನು.

ಅನಘಾ ಎರಡೂ ಪಟ್ಟಿ ಓದಿ ತುಟಿ ಕಚ್ಚಿಕೊಂಡಳು. "ಓಕೆ. ಶನಿವಾರ ಶಿಕಾಗೊದಲ್ಲಿ ಪಿಚ್ ಮಾಡೋದೇ ಗಡ್ಡದವನು. ನಿನ್ನ ನಂಬರ್ ಒನ್, ಅಂಕಲ್‌ದು ನಂಬರ್ ಫೈವ್. ಅವನು ಎಲ್ಲೀವರ್ಗೂ ಪಿಚ್ ಮಾಡ್ತಾನೋ ಅಲ್ಲೀವರ್ಗೂ ನೀನು ನನ್ನ ಪಕ್ಕ. ಅವನನ್ನ ತೆಗೆದ್ರೆ ನೀನು ಮೇಲೆ, ಅಂಕಲ್ ಕೆಳಗೆ. ಡೀಲ್?"

"ಡೀಲ್! ಕೊನೇ ಚೆಂಡಿನವರೆಗೂ ಅವನೇ ಎಸೀತಾನೆ, ನೋಡ್ತಿರು. ಪಾಟೀಲರೇ, ಮೇಲೆ ಬಿಸಿಲು ಜಾಸ್ತಿ. ಟೋಪಿ ತಗೊಳ್ಳಿ."

ಪಾಟೀಲರು ನಿಜವಾಗಿಯೂ ಟೋಪಿ ತಂದರು. ಅಂಥ ಮನುಷ್ಯ!

ಶನಿವಾರ ಬೆಳಗ್ಗೆ ಅವರ ಕಾರಿನಲ್ಲೇ ಹೊರಟೆವು. ಮುಂದಿನ ಸೀಟಿನಲ್ಲಿ ಪಾಟೀಲರ ಜೊತೆ ಅನಘಾ. ಹಿಂದೆ ನಾನು, ವೀಣಾ, ನಮ್ಮ ನಡುವೆ ಚಪಾತಿ ಡಬ್ಬಿ. ಮುಂದೆ ಅವರಿಬ್ಬರೂ ನಗುತ್ತಿದ್ದರು, ನನಗೆ ಟೈರಿನ ಸದ್ದು ಕೇಳಿಸುತ್ತಿತ್ತು. ದಾರಿಯಲ್ಲಿ ಕಲಮಜೂ ಎಂಬ ಊರು ದಾಟುವಾಗ ಬೇಸರಕ್ಕೆ ಲ್ಯಾಪ್‌ಟಾಪ್ ತೆಗೆದು ನನ್ನ ಹಾಳೆಯ ಸೌಂದರ್ಯ ಸವಿಯತೊಡಗಿದೆ. ಆಗ ಕಂಡಿತು.

ನನ್ನ ಹಾಳೆಯಲ್ಲಿ ಯಾವ ಕಾಲಂ ಆದರೂ ಸಂಖ್ಯೆ ದೊಡ್ಡದಾದಷ್ಟೂ ಅಂಕ ಹೆಚ್ಚು. ಬೋಲ್ಟಿನ ಲೆಕ್ಕಕ್ಕೆ ಅದು ಸರಿ. ಆದರೆ ರನ್ನಿನ ಕಾಲಂನಲ್ಲಿ ಇದ್ದದ್ದು ಪಿಚರ್ ಹೊಡೆದ ರನ್ ಅಲ್ಲ. ಅವನು ಎದುರಾಳಿಗೆ ಕೊಟ್ಟ ರನ್! ಹೊಡೆಸಿಕೊಂಡಷ್ಟೂ ಗಡ್ಡದವನಿಗೆ ಅಂಕ ಬಿದ್ದಿತ್ತು. ಮೈಸೂರಿನಲ್ಲಿ ಹತ್ತು ವರ್ಷ ಬೌಲಿಂಗ್ ಮಾಡಿದವನಿಗೆ ಇದು ಹೊಳೆಯಬೇಕಿತ್ತು. ಗಡಿಬಿಡಿಯಿಂದ ತಿದ್ದಿದೆ. ಗಡ್ಡದವನು ಮೇಲಿನಿಂದ ಜಾರಿ ಐದನೆಯ ಸ್ಥಾನಕ್ಕೆ ಬಂದು ಬಿದ್ದ. ಪಟ್ಟಿ ಅಕ್ಷರಶಃ ರಸೀದಿಯ ಹಿಂಭಾಗದಂತೆಯೇ ಆಯಿತು.

ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿದೆ.

"ಯಾಕ್ರೀ, ಮುಖ ಬಿಳಿಚ್ಕೊಂಡಿದೆ?" ಎಂದಳು ವೀಣಾ.

"ಚಪಾತಿ ಜಾಸ್ತಿ ಆಯ್ತು," ಎಂದೆ.

ಶಿಕಾಗೊದ ಆ ಸೀಟುಗಳ ಬಗ್ಗೆ ಏನು ಹೇಳಲಿ! ಎದುರಿಗೆ ಎತ್ತರದ ಬಲೆ, ಅದರಾಚೆ ಹಸಿರು, ಪಿಚರ್ ಎಡಗಾಲೆತ್ತಿದರೆ ಅವನ ಬೂಟಿನ ಮಣ್ಣು ಕಾಣುವಷ್ಟು ಹತ್ತಿರ. ಪಕ್ಕದಲ್ಲಿ ಮಗಳು, ಅವಳ ಕೈಯಲ್ಲಿ ಸಾಫ್ಟ್‌ಬಾಲ್ ಗ್ಲೌಸ್, ತಲೆಯ ಮೇಲೆ ಡೆಟ್ರಾಯಿಟ್ ಟೋಪಿ. ಮೂರು ತಿಂಗಳ ನಂತರ ನಾವಿಬ್ಬರೇ. ನನ್ನ ಪ್ರಾರ್ಥನೆ ಒಂದೇ: ಗಡ್ಡದವನು ಉಳಿಯಲಿ.

ಆಟಕ್ಕೆ ಒಟ್ಟು ಒಂಬತ್ತು ಇನ್ನಿಂಗ್ಸ್; ಮೊದಲನೆಯದರಲ್ಲೇ ಅವನು ಇಪ್ಪತ್ತೊಂಬತ್ತು ಚೆಂಡು ಎಸೆದ.

"ನೋಡಿದ್ಯಾ, ಎಷ್ಟು ಕಷ್ಟಪಡ್ತಾನೆ!" ಎಂದೆ.

"ಅಪ್ಪ, ದಟ್ಸ್ ಬ್ಯಾಡ್. ನೈಂಟಿ, ಹಂಡ್ರೆಡ್ ಆದ್ರೆ ತೆಗೀತಾರೆ. ಹೀಗೇ ಮಾಡಿದ್ರೆ ಫೋರ್ತ್ ಇನ್ನಿಂಗ್ಸ್‌ಗೇ ಹೋಗ್ತಾನೆ."

ನನ್ನ ಕಾಲ ಕೆಳಗಿನ ಸಿಮೆಂಟು ಕುಸಿದಂತಾಯಿತು. ಯಾವ ಗುಣಕ್ಕೆ ನಾನು ಅವನಿಗೆ ಪ್ರಥಮ ಬಹುಮಾನ ಕೊಟ್ಟಿದ್ದೆನೋ ಅದೇ ಗುಣ ನನ್ನ ಸೀಟನ್ನು ಚೆಂಡು ಚೆಂಡಾಗಿ ಕಿತ್ತುಕೊಳ್ಳುತ್ತಿತ್ತು! ಆ ಕ್ಷಣದಿಂದ ಅವನ ಪ್ರತಿ ಎಸೆತಕ್ಕೂ ಪ್ಲಾಸ್ಟಿಕ್ ಹಾಳೆಯ ಅಂಚಿನಲ್ಲಿ ಒಂದೊಂದು ಗೀಟು ಹಾಕತೊಡಗಿದೆ. ಎರಡನೆಯ ಇನ್ನಿಂಗ್ಸ್ ಮುಗಿದಾಗ ಐವತ್ತೊಂದು. ಮೂರನೆಯದಕ್ಕೆ ಎಪ್ಪತ್ತು. "ಬೇಗ ಔಟಾಗಪ್ಪ, ಪುಣ್ಯಾತ್ಮ!" ಎಂದು ಶಿಕಾಗೊದ ಬ್ಯಾಟ್ಸ್‌ಮನ್‌ಗಳನ್ನು ಕನ್ನಡದಲ್ಲಿ ಬೇಡಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಶಿಕಾಗೊ ಅಜ್ಜಿಯೊಬ್ಬರು ತಿರುಗಿ ಮುಗುಳ್ನಕ್ಕರು. ನಾನು ಅವರ ತಂಡವನ್ನು ಹರಸುತ್ತಿದ್ದೇನೆ ಎಂದುಕೊಂಡಿರಬೇಕು.

ನಾಲ್ಕನೆಯ ಇನ್ನಿಂಗ್ಸ್. ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಇನ್ನಿಂಗ್ಸ್ ಮುಗಿಯಿತು. ಎಂಬತ್ತಾರು ಗೀಟು. ಆಗ ಬಂದ ಒಬ್ಬ ಮಹಾನುಭಾವ ಔಟೂ ಆಗಲಿಲ್ಲ, ಸರಿಯಾಗಿ ಹೊಡೆಯಲೂ ಇಲ್ಲ. ಬಂದ ಚೆಂಡನ್ನೆಲ್ಲ ಪಕ್ಕಕ್ಕೆ, ಹಿಂದಕ್ಕೆ ತಟ್ಟುತ್ತಾ ನಿಂತ. ಅದಕ್ಕೆ ಫೌಲ್ ಎನ್ನುತ್ತಾರೆ. ಎಷ್ಟು ಫೌಲ್ ಹೊಡೆದರೂ ಅವನು ಔಟಲ್ಲ, ಆದರೆ ಪಿಚರ್‌ನ ಲೆಕ್ಕ ಏರುತ್ತಲೇ ಇರುತ್ತದೆ. ಯಾರು ಮಾಡಿದರೋ ಈ ಕಾನೂನು! ತೊಂಬತ್ತು. ತೊಂಬತ್ತೆರಡು. ತಲೆಯೆತ್ತಿ ನೋಡಿದೆ. ಮೋಡದ ಹತ್ತಿರದ ಸಾಲಿನಲ್ಲಿ ಪಾಟೀಲರು ಎದ್ದು ನಿಂತಿದ್ದರು. ಕೆಳಗಿಳಿಯಲು ಸಿದ್ಧತೆ! ತೊಂಬತ್ತೈದು. ತೊಂಬತ್ತಾರು.

ತೊಂಬತ್ತಾರನೆಯ ಗೀಟು ಹಾಕಲು ತಲೆ ಬಗ್ಗಿಸಿದ್ದೆ.

ಮುಂದಿನದು ಮೂರು ಸೆಕೆಂಡಿನ ವಿಷಯ. ಅದನ್ನು ನಾನು ಮುನ್ನೂರು ಸಲವಾದರೂ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೆ. ಬ್ಯಾಟಿಗೆ ಚೆಂಡು ತಗುಲಿದ ಸದ್ದು ಒಣ ಕಟ್ಟಿಗೆ ಮುರಿದಂತೆ ಬಂತು. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಸಾವಿರಾರು ಜನ ಒಮ್ಮೆಲೇ ಉಸಿರು ಹಿಡಿದರು. "ಅಪ್ಪಾ, ಬಾಲ್!" ಎಂದು ಅನಘಾ ಕಿರುಚಿದಳು. ಕತ್ತೆತ್ತಿದೆ. ಚೆಂಡು ಬಲೆಯ ಮೇಲಿಂದ ಹಾರಿ, ಬಿಸಿಲಿನೊಳಗಿಂದ ನೇರ ನನ್ನತ್ತ ಇಳಿಯುತ್ತಿತ್ತು. ಮೊದಲು ಕಡಲೆಯಷ್ಟಿತ್ತು. ಆಮೇಲೆ ನಿಂಬೆಹಣ್ಣಿನಷ್ಟಾಯಿತು. ಅದರ ಕೆಂಪು ಹೊಲಿಗೆ ತಿರುಗುವುದು ಕಂಡಿತು. ಕಾಲು ಏಳಲಿಲ್ಲ. ಬಾಯಿ ತೆರೆದೇ ಇತ್ತು. ಕೈಗಳು ಮಾತ್ರ ತಾವಾಗಿಯೇ ಮೇಲೆದ್ದು ಆ ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಕೊಡೆಯಂತೆ ಹಿಡಿದವು.

ಛಟ್!

ಕಣ್ಣು ಬಿಟ್ಟಾಗ ನನ್ನ ಮೂಗಿನಿಂದ ಗೇಣು ದೂರದಲ್ಲಿ ಒಂದು ಗ್ಲೌಸ್ ಇತ್ತು. ಗ್ಲೌಸಿನೊಳಗೆ ಚೆಂಡಿತ್ತು. ಗ್ಲೌಸಿನ ಹಿಂದೆ ನನ್ನ ಮೇಲೆ ಅಡ್ಡಬಿದ್ದ ಮಗಳಿದ್ದಳು. ಅವಳು ಬಿದ್ದದ್ದು ಏಪ್ರಿಲ್‌ನಲ್ಲಿ ನೋಯುತ್ತಿದ್ದ ಭುಜದ ಮೇಲೇ.

ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ದೈತ್ಯ ಪರದೆಯ ಮೇಲೆ ಆ ದೃಶ್ಯವನ್ನು ನಿಧಾನಗತಿಯಲ್ಲಿ ನಾಲ್ಕು ಸಲ ತೋರಿಸಿದರು. ಹುಲಿಯಂತೆ ನೆಗೆಯುವ ಒಬ್ಬ ಹುಡುಗಿ; ಅವಳ ಕೆಳಗೆ ಕಣ್ಣು ಮುಚ್ಚಿ, ಹಾಳೆಯ ಅಡಿ ಮುದುಡಿದ ಒಬ್ಬ ಪದವೀಧರ. ಹಾಳೆಯ ತಲೆಬರಹ ಅಳಿಸಲು ಮರೆತಿದ್ದೆ. "ಸಪ್ಲೈಯರ್ ಕ್ವಾಲಿಟಿ ರೇಟಿಂಗ್" ಎಂಬುದನ್ನು ಶಿಕಾಗೊ ನಗರ ಮೂವತ್ತು ಅಡಿ ಎತ್ತರದಲ್ಲಿ ಓದಿತು! ಗಡ್ಡದವನೂ ಪರದೆ ನೋಡಿ ಗ್ಲೌಸಿನಿಂದ ಬಾಯಿ ಮುಚ್ಚಿಕೊಂಡ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

"ನೈಸ್ ಕ್ಯಾಚ್, ಸ್ವೀಟಿ," ಎಂದರು ಶಿಕಾಗೊ ಅಜ್ಜಿ. ನನ್ನ ಕಡೆ ತಿರುಗಿ, ಕರುಣೆಯಿಂದ, "ಈಸ್ ಯುವರ್ ಪೇಪರ್ ಓಕೆ?" ಎಂದರು.

ನಾನು ನಗಲಿಲ್ಲ. ನಾಲ್ಕನೆಯ ಸಲ ಪರದೆ ನೋಡುವಾಗ ಒಂದು ವಿಷಯ ಗಮನಕ್ಕೆ ಬಂದಿತ್ತು. ಪಕ್ಕದಲ್ಲಿ ಮಗಳಿದ್ದಳು. ಹಾಳೆ ನನ್ನ ತಲೆಯ ಮೇಲಿತ್ತು. ಅವಳ ತಲೆಯ ಮೇಲೆ ಏನೂ ಇರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತಾ, ಏದುಸಿರು ಬಿಡುತ್ತಾ ಪಾಟೀಲರು ಬಂದರು. ಒಂದು ಕಂಕುಳಲ್ಲಿ ನಾಚೋಸ್, ಅಂದರೆ ಮೆಕ್ಕೆಜೋಳದ ಚಿಪ್ಸ್. ಅಲ್ಲಿ ಅದನ್ನು ಆಟಗಾರರು ಹಾಕುವಂಥ ನಿಜವಾದ ಅಳತೆಯ ಪ್ಲಾಸ್ಟಿಕ್ ಹೆಲ್ಮೆಟ್ ತಲೆಕೆಳಗು ಮಾಡಿ, ಅದರಲ್ಲಿ ತುಂಬಿ, ಮೇಲೆ ಬಿಸಿ ಚೀಸ್ ಸುರಿದು ಕೊಡುತ್ತಾರೆ. ಅದನ್ನು ಕೆಳಗಿಟ್ಟು ಮೊದಲು ಅನಘಾಳ ಭುಜ ಒತ್ತಿ ನೋಡಿದರು. ಆಮೇಲೆ ನನ್ನ ನಾಡಿ ಹಿಡಿದು ಗಡಿಯಾರ ನೋಡಿದರು.

"ನೂರಾ ಇಪ್ಪತ್ತೆಂಟು. ಪಿಚರ್‌ಗಿಂತ ನಿಮ್ಮ ಕೌಂಟ್ ಜಾಸ್ತಿ ಆಗೇತ್ರಿ," ಎಂದರು. "ತೆಗೀಬೇಕಂದ್ರ ಮೊದಲ ನಿಮ್ಮನ್ನ ತೆಗೀಬೇಕು."

ಮುಂದಿನ ಎಸೆತದಲ್ಲಿ ಗಡ್ಡದವನು ಅದೇ ಮಹಾನುಭಾವನಿಗೆ ಪುಕ್ಕಟೆ ಬೇಸ್ ಕೊಟ್ಟ, ಅಂದರೆ ತಪ್ಪು ಎಸೆತಗಳಿಂದಾಗಿ ಹೊಡೆಯದೆಯೇ ಮುಂದೆ ಹೋಗಲು ಬಿಟ್ಟ. ತಂಡದ ಮ್ಯಾನೇಜರ್ ನಿಧಾನವಾಗಿ ನಡೆದುಬಂದು ಕೈ ಚಾಚಿದ. ಗಡ್ಡದವನು ಚೆಂಡನ್ನು ಅವನ ಕೈಗಿಟ್ಟು ತಲೆ ತಗ್ಗಿಸಿ ಹೊರಟ. ತೊಂಬತ್ತೇಳು. ಒಪ್ಪಂದ ಒಪ್ಪಂದವೇ. ನಾನೂ ಹಾಳೆ ಎತ್ತಿಕೊಂಡು, ತಲೆ ತಗ್ಗಿಸಿ ಎದ್ದೆ.

"ಪಾಟೀಲರೇ, ಕೂತ್ಕೊಳ್ಳಿ. ನಿಮ್ಮ ಲಿಸ್ಟೇ ಸರಿ. ಕಲಮಜೂನಲ್ಲೇ ಗೊತ್ತಾಯ್ತು, ಹೇಳಲಿಲ್ಲ."

"ಅಪ್ಪ, ಸಿಟ್," ಎಂದಳು ಅನಘಾ.

"ಡೀಲ್ ಮಾಡಿದೀವಲ್ಲ ಮರಿ."

"ಐ ಡೋಂಟ್ ಕೇರ್. ಸಾರಿ ಅಂಕಲ್, ಅಪ್ಪ ಸ್ಟೇಸ್ ವಿತ್ ಮಿ." ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು, ಐದು ವರ್ಷದವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದಂತೆ.

ಆಹಾ! ಮೂರು ತಿಂಗಳ ಹೊಟ್ಟೆಕಿಚ್ಚು ಒಂದೇ ಮಾತಿಗೆ ತಣ್ಣಗಾಯಿತು. ಪಾಟೀಲರ ಕಡೆ ವಿಜಯದ ನಗೆ ಬೀರಿದೆ. "ಯಾಕೆ ಮರಿ?" ಎಂದೆ, ಅವರಿಗೂ ಉತ್ತರ ಕೇಳಲಿ ಎಂದು.

"ಬಿಕಾಸ್ ಅಂಕಲ್ ಕ್ಯಾನ್ ಕ್ಯಾಚ್," ಎಂದಳು. "ಅಲ್ಲಿ ಮೇಲಕ್ಕೂ ಫೌಲ್ ಬಾಲ್ ಬರುತ್ತೆ. ನಿನ್ನನ್ನ ಯಾರು ನೋಡ್ಕೋತಾರೆ?"

ಹೇಳಿ ಸುಮ್ಮನಾಗಲಿಲ್ಲ. ಪಾಟೀಲರ ಹೆಲ್ಮೆಟ್ ತೆಗೆದುಕೊಂಡು ಅದರಲ್ಲಿದ್ದುದನ್ನು ಒಂದು ಪೇಪರ್ ತಟ್ಟೆಗೆ ಸುರಿದಳು. ಎರಡು ಟಿಶ್ಯೂನಲ್ಲಿ ಒಳಗೆಲ್ಲ ಒರೆಸಿ ನನ್ನ ತಲೆಗೆ ತೊಡಿಸಿದಳು. ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು "ಈಟ್" ಎಂದಳು. "ವಿಚಾರ ಭಾಳ ಚಲೋ ಐತಿ" ಎಂದು ಪಾಟೀಲರು ಮೇಲೆ ಹೋದರು.

ಉಳಿದ ಐದು ಇನ್ನಿಂಗ್ಸನ್ನು ನಾನು ಎದುರಾಳಿ ತಂಡದ ಹೆಲ್ಮೆಟ್ ಧರಿಸಿ, ಕಿವಿಯ ಹಿಂದೆ ಚೀಸ್ ಇಳಿಯುತ್ತಿರಲು, ಕದಲದೆ ನೋಡಿದೆ. ಬಲಗಡೆ ಮಗಳು, ಗ್ಲೌಸ್ ಎತ್ತಿ ಹಿಡಿದೇ ಕೂತಿದ್ದಳು. ಎಂಟನೆಯ ಇನ್ನಿಂಗ್ಸಿನಲ್ಲಿ ಒಮ್ಮೆ ತಿರುಗಿ ಮೇಲೆ ನೋಡಿದೆ. ಪಾಟೀಲರು ಎರಡೂ ಕೈ ಗಲ್ಲಕ್ಕೆ ಕೊಟ್ಟು, ಬಾಡಿದ ಮುಖದಲ್ಲಿ, ರೆಪ್ಪೆ ಬಡಿಯದೆ ನಮ್ಮತ್ತಲೇ ನೋಡುತ್ತಿದ್ದರು. ಕಣ್ಣಲ್ಲಿ ಅಪ್ಪಟ ಅಸೂಯೆ! ಅಂಥ ಅಸೂಯೆಯನ್ನು ಗುರುತಿಸಲು ನನಗಿಂತ ಅನುಭವಿ ಇನ್ನೊಬ್ಬನಿಲ್ಲ. ಮನೆಗೆ ಬಂದ ಮೇಲೆ ತಲೆ ತೊಳೆದುಕೊಳ್ಳುತ್ತಾ ವೀಣಾಳಿಗೆ ಇದನ್ನು ಹೆಮ್ಮೆಯಿಂದ ವರ್ಣಿಸಿದೆ.

"ಹೌದು ರೀ, ಪಾಪ, ನನ್ಹತ್ರ ಹೇಳ್ಕೊಂಡ್ರು," ಎಂದಳು. "ಬೆಳಗ್ಗೆಯಿಂದ ಏನೂ ತಿಂದಿರ್ಲಿಲ್ವಂತೆ. ಆ ನಾಚೋಸ್‌ಗೆ ಅರ್ಧ ಗಂಟೆ ಕ್ಯೂ ನಿಂತಿದ್ರಂತೆ."